ದಿಢೀರ್ ಅಂದಿದ್ದು ನನ್ನ ತಪ್ಪು

2025ರ ಮೇ 21ರ ಬೆಳಗಿನ ಬುಲೆಟಿನ್. ಹಿಂದಿನ ರಾತ್ರಿ ಲಂಡನ್‌ನಲ್ಲಿ ಇಂಟರ್‌ನ್ಯಾಷನಲ್ ಬುಕರ್ ಘೋಷಣೆಯಾಗಿತ್ತು. ಕನ್ನಡಕ್ಕೆ ಮೊದಲ ಸಲ! ಹಾಸನದ ಬಾನು ಮುಷ್ತಾಕ್ ‘ದಿಢೀರ್ ಅಂತ’ ಜಗತ್ತಿನ ಗಮನ ಸೆಳೆದಿದ್ದಾರೆ ಅಂತ ನಾನು ಜೋರಾಗಿಯೇ ಹೇಳಿದೆ. ಮೇಕಪ್ ಒರೆಸುವಷ್ಟರಲ್ಲಿ ಅಪ್ಪನ ಫೋನ್. “ದಿಢೀರ್ ಎಲ್ಲಿಂದ ಬಂತೋ? ಲಂಕೇಶ್ ಪತ್ರಿಕೆಯಲ್ಲಿ ಆಯಮ್ಮನ ಹೆಸರು ನೋಡಿ ನಲವತ್ತು ವರ್ಷ ಆಯ್ತು.”

ನಾನು ಓದಿದ್ದು ಇಂಜಿನಿಯರಿಂಗ್. ಔಟ್‌ಪುಟ್ ನೋಡಿದರೆ ಸಾಲದು, ಸರ್ಕ್ಯೂಟ್ ಹುಡುಕು ಅಂತ ಕಲಿಸಿದ್ದರು. ಹುಡುಕಿದೆ.

ಪಿ. ಲಂಕೇಶ್ 1980ರಲ್ಲಿ ಶುರು ಮಾಡಿದ ಆ ವಾರಪತ್ರಿಕೆ ಜಾಹೀರಾತು ಹಾಕುತ್ತಿರಲಿಲ್ಲ. ಓದುಗ ಕೊಟ್ಟ ಕಾಸಿನಲ್ಲೇ ನಡೆಯಬೇಕು. ಹಾಗಾಗಿ ಜಾಹೀರಾತುದಾರ ಮುನಿಸಿಕೊಳ್ತಾನೆ ಅನ್ನೋ ಭಯ ಇಲ್ಲ. ಇನ್ನೊಂದು ವಿಷಯ, ನನಗೆ ಇದೇ ಮುಖ್ಯ ಅನಿಸೋದು: ಅದು ಬರೀ ಸಾಹಿತ್ಯ ಪತ್ರಿಕೆ ಆಗಿರಲಿಲ್ಲ. ಮಂತ್ರಿಗಳ ಹುಳುಕು ಓದೋಕೆ ಕೊಂಡವನ ಕೈಗೆ ಕಥೆ, ಕವಿತೆಯೂ ಸಿಗುತ್ತಿತ್ತು. ಧಾರವಾಡದ ‘ಸಂಕ್ರಮಣ’ದಂಥ ಪತ್ರಿಕೆಗಳೂ ಹೊಸಬರನ್ನು ಬೆಳೆಸಿದವು, ನಿಜ. ಆದರೆ ಅವನ್ನು ಹುಡುಕಿಕೊಂಡು ಹೋಗಬೇಕಿತ್ತು. ಇದು ಬಸ್ ಸ್ಟ್ಯಾಂಡಿನಲ್ಲೇ ನೇತಾಡ್ತಿತ್ತು.

ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಅವರ ಮನೆಮಾತು ಮಲಯಾಳಂ, ಶಾಲೆಯಲ್ಲಿ ಓದಿದ್ದು ಕನ್ನಡ. ಅವರ ‘ಚಂದ್ರಗಿರಿಯ ತೀರದಲ್ಲಿ’ ಮೊದಲು ಬಂದದ್ದು ಈ ಪತ್ರಿಕೆಯಲ್ಲೇ, ಧಾರಾವಾಹಿಯಾಗಿ. ತಲಾಖ್ ಆದ ಹೆಣ್ಣೊಬ್ಬಳು ಗಂಡನ ಬಳಿ ಮರಳಬೇಕಾದರೆ ಮೊದಲು ಬೇರೊಬ್ಬನನ್ನು ಮದುವೆಯಾಗಬೇಕು ಅನ್ನೋ ಸಂಕಟದ ಕಥೆ. ಆ ಕಾಲದಲ್ಲಿ ಮುಸ್ಲಿಂ ಹೆಣ್ಣುಮಗಳೊಬ್ಬಳು ಇದನ್ನು ಕನ್ನಡದಲ್ಲಿ ಬರೆಯೋದು, ಅದನ್ನು ವಾರವಾರ ಅಚ್ಚು ಹಾಕೋದು, ಎರಡಕ್ಕೂ ಧೈರ್ಯ ಬೇಕಿತ್ತು. ಬಾನು ಮುಷ್ತಾಕ್ ಅದೇ ಪತ್ರಿಕೆಗೆ ವರದಿಗಾರ್ತಿಯಾಗಿದ್ದರು. ಕಂಡಿದ್ದನ್ನು ವರದಿ ಮಾಡುತ್ತಲೇ ಕಥೆಗಾರ್ತಿಯಾಗಿ ಬೆಳೆದರು. ಬುಕರ್ ಪಡೆದ ‘ಹಾರ್ಟ್ ಲ್ಯಾಂಪ್’ನ 12 ಕಥೆಗಳು 1990ರಿಂದ 2023ರವರೆಗೆ ಬರೆದವು. ಮೂರು ದಶಕದ ದಿಢೀರ್! (ಅನುವಾದಕಿ ದೀಪಾ ಭಾಸ್ತಿಯವರ ಹೆಸರನ್ನು ಆವತ್ತು ನಾನು ಎರಡನೇ ಸುತ್ತಿನಲ್ಲಿ ಹೇಳಿದೆ. 50,000 ಪೌಂಡ್ ಬಹುಮಾನದಲ್ಲಿ ಅರ್ಧ ಅವರದ್ದು.)

ಈಗ ನಮ್ಮ ಕಡೆ ನೋಡಿ. ಚಾನೆಲ್ ನಡೆಯೋದೇ ಜಾಹೀರಾತಿನಿಂದ, ಜಾಹೀರಾತು ಬರೋದು ಟಿಆರ್‌ಪಿಯಿಂದ. ಪ್ರಶಸ್ತಿ ಬಂದ ಲೇಖಕಿಗೆ ನಾವು ಇಡೀ ದಿನ ಕೊಡ್ತೀವಿ. ಬರದೇ ಇರೋರಿಗೆ? ಸಿಂಧನೂರಿನಲ್ಲೋ ಭಟ್ಕಳದಲ್ಲೋ ಮೊದಲ ಕಥೆ ಬರೆದು ಕೂತಿರೋ ಹುಡುಗಿಗೆ ಒಂದು ನಿಮಿಷವೂ ಇಲ್ಲ.

ಸಂಪಾದಕೀಯ ಸಭೆಯಲ್ಲಿ ತಿಂಗಳಿಗೆ ಅರ್ಧ ಗಂಟೆ ಕೇಳಿದ್ದೇನೆ. ಸ್ಪಾನ್ಸರ್ ಯಾರು ಅಂದಿದ್ದಾರೆ.