ಮಳೆಗಾಲದ ಟವೆಲಿಗೆ ಮುಗ್ಗುಲು ವಾಸನೆ ಏಕೆ?

ಮಕ್ಕಳೇ, ಆಷಾಢದ ಜಡಿಮಳೆ ಹಿಡಿದಾಗ ನಿಮ್ಮ ಮನೆಯಲ್ಲಿ ಬಟ್ಟೆಗಳನ್ನು ಎಲ್ಲೆಲ್ಲಿ ಒಣಹಾಕುತ್ತಾರೆ? ಜಗಲಿಯ ಹಗ್ಗದ ಮೇಲೆ, ಬಾಗಿಲಿನ ಮೇಲೆ, ಕುರ್ಚಿಯ ಮೇಲೆ, ಕಿಟಕಿಯ ಸರಳುಗಳ ಮೇಲೆ, ಅಲ್ಲವೇ? ಅಂಗಿ, ಲಂಗಗಳು ಹೇಗೋ ಒಣಗುತ್ತವೆ. ಸ್ನಾನದ ಟವೆಲ್ ಮಾತ್ರ ಎರಡು ದಿನವಾದರೂ ಹಸಿಹಸಿಯಾಗಿಯೇ ಇರುತ್ತದೆ. ಮೂರನೆಯ ದಿನ ಅದರಲ್ಲಿ ಮುಖ ಒರೆಸಿಕೊಂಡರೆ ಮುಗ್ಗುಲು ವಾಸನೆ! ಇನ್ನೊಂದು ವಿಚಿತ್ರವನ್ನೂ ನೀವು ಗಮನಿಸಿರಬಹುದು. ಒಗೆದು ಒಣಗಿಸಿ ಮಡಿಸಿಟ್ಟ ಟವೆಲನ್ನು ಮೂಸಿ ನೋಡಿದರೆ ಯಾವ ವಾಸನೆಯೂ ಇರುವುದಿಲ್ಲ. ಒದ್ದೆ ಮೈಗೆ ತಾಗಿಸಿದ ಸ್ವಲ್ಪ ಹೊತ್ತಿಗೆ ವಾಸನೆ ಎದ್ದು ಬರುತ್ತದೆ. ಹಾಗಾದರೆ ಅಷ್ಟು ಹೊತ್ತು ಅದು ಎಲ್ಲಿ ಅಡಗಿತ್ತು?

ಮೊದಲು ಟವೆಲನ್ನೇ ಒಮ್ಮೆ ಸರಿಯಾಗಿ ನೋಡೋಣ. ಶಾಲೆಯ ವಿಜ್ಞಾನ ಪೆಟ್ಟಿಗೆಯಲ್ಲಿರುವ ಭೂತಗನ್ನಡಿಯನ್ನು ಒಂದು ಟರ್ಕಿ ಟವೆಲಿನ ಮೇಲೆ ಹಿಡಿಯಿರಿ. ಮೇಲ್ಮೈ ತುಂಬಾ ದಾರದ ಸಣ್ಣ ಸಣ್ಣ ಕುಣಿಕೆಗಳು ಕಾಣುತ್ತವೆ. ಈ ಕುಣಿಕೆಗಳಿಂದ ನೀರನ್ನು ಹೀರುವ ಮೇಲ್ಮೈ ಹೆಚ್ಚುತ್ತದೆ. ಕುಣಿಕೆಗಳ ನಡುವಿನ ಸಂದುಗಳಲ್ಲೂ ನೀರು ನಿಲ್ಲುತ್ತದೆ. ಅಂದರೆ, ನೀರನ್ನು ಹಿಡಿದಿಟ್ಟುಕೊಳ್ಳುವುದೇ ಟವೆಲಿನ ಕೆಲಸ. ನಾವು ಅದನ್ನು ಕೊಳ್ಳುವುದು ಈ ಗುಣಕ್ಕಾಗಿ. ಆಮೇಲೆ ಅದು ಬೇಗ ಒಣಗುವುದಿಲ್ಲ ಎಂದು ಬೈಯುವುದೂ ಇದೇ ಗುಣಕ್ಕಾಗಿ! ಅಜ್ಜಂದಿರು ಬಳಸುವ ಪಾಣಿಪಂಚೆ, ಕರಾವಳಿಯ ಮನೆಗಳ ಬೈರಾಸು ಇವೆಲ್ಲ ತೆಳುವಾದ ನೇಯ್ಗೆಯವು. ಹಿಡಿಯುವ ನೀರು ಕಡಿಮೆ, ಒಣಗುವ ಸಮಯವೂ ಕಡಿಮೆ. ನನ್ನನ್ನು ಕೇಳಿದರೆ, ಮಳೆ ಹೆಚ್ಚಿರುವ ಊರಿಗೆ ಇವೇ ಸರಿಯಾದ ಟವೆಲ್‌ಗಳು.

ಈಗ ಸ್ವಲ್ಪ ಲೆಕ್ಕ ಮಾಡೋಣ. ಗಾಳಿಯಲ್ಲಿ ನೀರಾವಿ ಇರುತ್ತದೆ ಎಂಬುದು ನಿಮಗೆ ಗೊತ್ತು. ಆದರೆ ಅದು ಎಷ್ಟು ಬೇಕಾದರೂ ಇರಲಾರದು, ಅದಕ್ಕೊಂದು ಮಿತಿಯಿದೆ. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಘನ ಮೀಟರ್ ಗಾಳಿಯಲ್ಲಿ ಹೆಚ್ಚೆಂದರೆ ಸುಮಾರು 23 ಗ್ರಾಂ ನೀರಾವಿ ಇರಬಲ್ಲದು. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ, ಹತ್ತು ಅಡಿ ಎತ್ತರದ ಕೋಣೆಯಲ್ಲಿ ಸುಮಾರು 28 ಘನ ಮೀಟರ್ ಗಾಳಿ ಇರುತ್ತದೆ. ಅಂದರೆ ಇಡೀ ಕೋಣೆಯ ಮಿತಿ ಸುಮಾರು 640 ಗ್ರಾಂ.

ಮಳೆಗಾಲದ ಒಂದು ದಿನ ಸಾಪೇಕ್ಷ ಆರ್ದ್ರತೆ ಶೇಕಡಾ 90 ಇದೆ ಎಂದುಕೊಳ್ಳಿ. ಕೋಣೆಯ ಗಾಳಿ ತನ್ನ ಮಿತಿಯ ನೂರರಲ್ಲಿ ತೊಂಬತ್ತು ಭಾಗವನ್ನು ಆಗಲೇ ತುಂಬಿಕೊಂಡಿದೆ ಎಂದು ಇದರ ಅರ್ಥ. ಉಳಿದಿರುವುದು ಕೇವಲ 65 ಗ್ರಾಂನಷ್ಟು ಜಾಗ. ನಿಮ್ಮ ಟವೆಲಿನಲ್ಲಿ ಹಿಂಡಿದ ಮೇಲೂ 300 ಗ್ರಾಂ ನೀರು ಇದ್ದರೆ? ಮುಚ್ಚಿದ ಕೋಣೆಯಲ್ಲಿ ಅದರ ಕಾಲು ಭಾಗ ಆವಿಯಾಗುವುದೂ ಕಷ್ಟ. ಸಂತೆಯ ದಿನದ ಬಸ್ಸಿನ ಹಾಗೆ, ಒಳಗಿದ್ದವರು ಇಳಿಯದೆ ಹೊರಗಿನವರು ಹತ್ತುವಂತಿಲ್ಲ. ಅದೇ ಕೋಣೆಯಲ್ಲಿ ಅದೇ ಉಷ್ಣತೆಯಲ್ಲಿ ಆರ್ದ್ರತೆ ಶೇಕಡಾ 40 ಇದ್ದರೆ ಸುಮಾರು 380 ಗ್ರಾಂನಷ್ಟು ಜಾಗ ಖಾಲಿ. ಅಂಥ ಒಣಹವೆಯ ದಿನ ಟವೆಲಿನ ಅಷ್ಟೂ ನೀರಿಗೆ ಒಂದೇ ಕೋಣೆಯ ಗಾಳಿ ಸಾಕು. ಚಳ್ಳಕೆರೆಯ ಬೇಸಿಗೆಯಲ್ಲಿ ಬಟ್ಟೆ ಒಣಗುವುದನ್ನು ಕಂಡವರು ಜುಲೈ ತಿಂಗಳಲ್ಲಿ ಆಗುಂಬೆಗೆ ಹೋದರೆ ಈ ಲೆಕ್ಕ ತಾನಾಗಿಯೇ ಅರ್ಥವಾಗುತ್ತದೆ.

“ಮಳೆಯಲ್ಲಿ ಹೊರಗಿನ ಗಾಳಿಯೂ ತೇವವೇ ತಾನೇ, ಕಿಟಕಿ ತೆರೆದರೆ ಏನು ಲಾಭ?” ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ಲಾಭವಿದೆ. ಟವೆಲಿನಿಂದ ತುಂಬಿಹೋದ ಕೋಣೆಯ ಗಾಳಿ ಹೊರಗೆ ಹೋಗಿ, ಶೇಕಡಾ 90 ಆರ್ದ್ರತೆಯ ಗಾಳಿ ಒಳಗೆ ಬಂದರೂ ಮತ್ತೆ 65 ಗ್ರಾಂನಷ್ಟು ಜಾಗ ಸಿಗುತ್ತದೆ. ಹೀಗೆ ಐದು ಸಲ ಗಾಳಿ ಬದಲಾದರೆ 300 ಗ್ರಾಂ ನೀರು ಹೋಗಬಲ್ಲದು. ಎದುರುಬದುರು ಎರಡು ಕಿಟಕಿಗಳಿದ್ದರೆ, ಅಥವಾ ಒಂದು ಕಿಟಕಿ ಮತ್ತು ಬಾಗಿಲು ತೆರೆದಿದ್ದರೆ ಗಾಳಿ ಬೇಗ ಬದಲಾಗುತ್ತದೆ.

ಫ್ಯಾನಿನ ವಿಷಯದಲ್ಲಿ ಹಲವರಿಗೆ ತಪ್ಪು ತಿಳಿವಳಿಕೆ ಇದೆ. ಫ್ಯಾನು ಗಾಳಿಯನ್ನು ಒಣಗಿಸುವುದಿಲ್ಲ. ಟವೆಲಿಗೆ ಅಂಟಿಕೊಂಡಂತೆ ನಿಂತಿರುವ ತೇವದ ಗಾಳಿಯ ಪದರವನ್ನು ಅದು ತಳ್ಳಿ, ಆ ಜಾಗಕ್ಕೆ ಬೇರೆ ಗಾಳಿಯನ್ನು ತರುತ್ತದೆ. ಕಿಟಕಿಗಳನ್ನೆಲ್ಲ ಮುಚ್ಚಿ ಫ್ಯಾನು ಹಾಕಿದರೆ ತಿರುಗುವುದು ಅದೇ ತೇವದ ಗಾಳಿ. ಕಿಟಕಿ ತೆರೆದು ಫ್ಯಾನು ಹಾಕಿದರೆ ಮಾತ್ರ ಪೂರ್ತಿ ಪ್ರಯೋಜನ.

ಮಲೆನಾಡಿನ ಮನೆಗಳಲ್ಲಿ ಬಚ್ಚಲ ಒಲೆಯ ಮೇಲ್ಗಡೆ ಗಳು ಕಟ್ಟಿ ಬಟ್ಟೆ ಹರಡುವುದನ್ನು ನೋಡಿದ್ದೀರಾ? ಇದರ ಹಿಂದೆಯೂ ಅದೇ ಲೆಕ್ಕವಿದೆ. ಗಾಳಿ ಬಿಸಿಯಾದಂತೆ ಅದರಲ್ಲಿ ಇರಬಲ್ಲ ನೀರಾವಿಯ ಮಿತಿ ಏರುತ್ತದೆ. 25 ಡಿಗ್ರಿಯಲ್ಲಿ ಘನ ಮೀಟರಿಗೆ 23 ಗ್ರಾಂ ಇದ್ದ ಮಿತಿ 30 ಡಿಗ್ರಿಯಲ್ಲಿ 30 ಗ್ರಾಂಗೆ ಬರುತ್ತದೆ. ನಮ್ಮ ಲೆಕ್ಕದ ಕೋಣೆಯಲ್ಲಿ ಕೇವಲ ಐದು ಡಿಗ್ರಿ ಉಷ್ಣತೆ ಏರಿದರೆ ಖಾಲಿ ಜಾಗ ನಾಲ್ಕು ಪಟ್ಟು ಆಗುತ್ತದೆ! ಬಚ್ಚಲಿನ ಹೆಂಚಿನ ಸಂದುಗಳಿಂದ ಹೊಗೆಯೂ ಆವಿಯೂ ಹೊರಗೆ ಹೋಗುತ್ತವೆ. ಬಟ್ಟೆಗೆ ಹೊಗೆಯ ವಾಸನೆ ಬರುತ್ತದೆ, ಅದು ಬೇರೆ ಮಾತು. ಆದರೆ ಬಟ್ಟೆ ಒಣಗಲಿ ಎಂದು ಮುಚ್ಚಿದ ಕೋಣೆಯೊಳಗೆ ಕೆಂಡದ ಬಾಣಲೆ ಇಡಬೇಡಿ, ಇಡಲು ಯಾರನ್ನೂ ಬಿಡಬೇಡಿ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಏಳದೇ ಹೋಗಬಹುದು.

ಇನ್ನು ವಾಸನೆಯ ವಿಷಯಕ್ಕೆ ಬರೋಣ. ಮೈ ಒರೆಸಿಕೊಂಡಾಗ ಟವೆಲಿಗೆ ನೀರಿನ ಜೊತೆಗೆ ಚರ್ಮದ ಸತ್ತ ಕೋಶಗಳು, ಬೆವರು, ಮೈಯ ಜಿಡ್ಡು ಹಾಗೂ ಚರ್ಮದ ಮೇಲಿನ ಬ್ಯಾಕ್ಟೀರಿಯಾಗಳೂ ಅಂಟುತ್ತವೆ. ಊಟ ಸಿದ್ಧ, ನೀರು ಸಿದ್ಧ, ಹವೆಯೂ ಬೆಚ್ಚಗಿದೆ. ಸೂಕ್ಷ್ಮಜೀವಿಗಳಿಗೆ ಇನ್ನೇನು ಬೇಕು? ಟವೆಲ್ ಬೇಗ ಒಣಗಿದರೆ ಅವುಗಳ ಬೆಳವಣಿಗೆ ನಿಂತುಹೋಗುತ್ತದೆ. ದಿನವಿಡೀ ಹಸಿಯಾಗಿಯೇ ಇದ್ದರೆ ಒಂದು ಎರಡಾಗಿ, ಎರಡು ನಾಲ್ಕಾಗಿ ಹೆಚ್ಚುತ್ತಲೇ ಹೋಗುತ್ತವೆ. ಅವು ಜಿಡ್ಡನ್ನು ತಿಂದು ಹೊರಹಾಕುವ ಕೆಲವು ಆಮ್ಲಗಳೇ ನಮ್ಮ ಮೂಗಿಗೆ ಮುಗ್ಗುಲಾಗಿ ತಿಳಿಯುತ್ತವೆ.

ಈ ವಾಸನೆಗೆ ಮುಖ್ಯ ಕಾರಣವಾಗುವ ಒಂದು ಬ್ಯಾಕ್ಟೀರಿಯಾವನ್ನು ಜಪಾನಿನ ಸಂಶೋಧಕರು ಗುರುತಿಸಿ 2012ರಲ್ಲಿ ಪ್ರಕಟಿಸಿದರು. ಅದರ ಹೆಸರು ಮೊರಾಕ್ಸೆಲ್ಲಾ ಒಸ್ಲೊಎನ್ಸಿಸ್. ಅದು ಬಹಳ ಗಟ್ಟಿ ಜೀವ. ಬಟ್ಟೆ ಒಣಗಿದರೂ ಸುಲಭವಾಗಿ ಸಾಯುವುದಿಲ್ಲ. ನೇರಳಾತೀತ ಕಿರಣಗಳನ್ನೂ ತಕ್ಕಮಟ್ಟಿಗೆ ತಡೆದುಕೊಳ್ಳುತ್ತದೆ. ಒಣಗಿದ ದಾರಗಳ ನಡುವೆ ಸುಮ್ಮನೆ ಕುಳಿತಿದ್ದು, ನೀರು ತಾಗಿದಾಗ ಮತ್ತೆ ಚುರುಕಾಗುತ್ತದೆ. ಒಣ ಟವೆಲಿನಲ್ಲಿ ಇಲ್ಲದ ವಾಸನೆ ಒದ್ದೆಯಾದಾಗ ಬರುವ ಗುಟ್ಟು ಇದು. ಸುವಾಸನೆಯ ದ್ರವದಲ್ಲಿ ಅದ್ದಿದರೆ ಒಂದು ವಾಸನೆಯ ಮೇಲೆ ಇನ್ನೊಂದು ವಾಸನೆ ಬರುತ್ತದೆಯೇ ಹೊರತು ಬ್ಯಾಕ್ಟೀರಿಯಾ ಅಲ್ಲಿಯೇ ಇರುತ್ತದೆ. ಹತ್ತಿಯ ಟವೆಲಿಗೆ ಒಮ್ಮೆ ಮುಗ್ಗುಲು ಹಿಡಿದರೆ ಅದನ್ನು ಹತ್ತು ನಿಮಿಷ ನೀರಿನಲ್ಲಿ ಕುದಿಸಿ, ಸೋಪು ಹಾಕಿ ಒಗೆದು, ಸೋಪು ಪೂರ್ತಿ ಹೋಗುವವರೆಗೆ ಜಾಲಿಸಬೇಕು. ಕುದಿಸುವ ಕೆಲಸ ದೊಡ್ಡವರದು, ನೀವು ಒಲೆಯ ಬಳಿ ಹೋಗಬೇಡಿ.

ಮುಗ್ಗುಲು ವಾಸನೆ ತಾನೇ ಒಂದು ರೋಗವಲ್ಲ. ಆದರೆ ಒಂದೇ ಹಸಿ ಟವೆಲನ್ನು ಮನೆಮಂದಿಯೆಲ್ಲ ಬಳಸಿದರೆ ತೊಂದರೆ ಶುರು. ಹುಳುಕಡ್ಡಿ, ಅಂದರೆ ಗಜಕರ್ಣ, ಒಂದು ಬಗೆಯ ಶಿಲೀಂಧ್ರದಿಂದ ಬರುತ್ತದೆ. ಅದಿರುವವರ ಟವೆಲನ್ನು ಬಳಸಿದರೆ ಬೇರೆಯವರಿಗೂ ಹರಡುತ್ತದೆ. ಕೆಂಗಣ್ಣು ಹರಡುವುದಕ್ಕೂ ಮುಖ ಒರೆಸುವ ಬಟ್ಟೆ ಒಂದು ದಾರಿ. ಹಾಸ್ಟೆಲಿನಲ್ಲಿರುವ ಮಕ್ಕಳು ಇದನ್ನು ಮುಖ್ಯವಾಗಿ ಗಮನಿಸಬೇಕು. ನಿಮ್ಮ ಟವೆಲಿನ ಮೂಲೆಯಲ್ಲಿ ಬಣ್ಣದ ದಾರದಿಂದ ಒಂದು ಗುರುತು ಹೊಲಿದುಕೊಳ್ಳಿ. ಗೆಳೆಯ ಎಷ್ಟೇ ಆಪ್ತನಾಗಿರಲಿ, ಟವೆಲ್ ಮಾತ್ರ ಬೇರೆ ಬೇರೆ ಇರಲಿ.

ಹಾಗಾದರೆ ಟವೆಲನ್ನು ಎಲ್ಲಿ, ಹೇಗೆ ಒಣಹಾಕುವುದು? ಮೊಳೆಗೆ ನೇತುಹಾಕಿದರೆ ಅದು ಮಡಿಕೆ ಮಡಿಕೆಯಾಗಿ ಜೋತುಬೀಳುತ್ತದೆ, ಒಳಗಿನ ಮಡಿಕೆಗೆ ಗಾಳಿ ಸೋಕುವುದಿಲ್ಲ. ಹಗ್ಗದ ಮೇಲೆ ಪೂರ್ತಿ ಅಗಲಕ್ಕೆ ಹರಡಿ. ಎರಡು ಹಗ್ಗಗಳನ್ನು ಒಂದು ಗೇಣು ಬಿಟ್ಟು ಕಟ್ಟಿ, ಎರಡರ ಮೇಲೂ ಬರುವಂತೆ ಹಾಕಿದರೆ ಇನ್ನೂ ಒಳ್ಳೆಯದು, ಟವೆಲಿನ ಎರಡು ಪದರಗಳು ಒಂದಕ್ಕೊಂದು ತಾಗುವುದಿಲ್ಲ. ಗೋಡೆಗೆ ಅಂಟಿದಂತೆ ಬೇಡ. ಬಿಸಿಲು ಇಣುಕಿದ ಕೂಡಲೇ ಹೊರಗೆ ಹಾಕಿ. ಕಬ್ಬಿಣದ ತಂತಿಯನ್ನು ಬಟ್ಟೆ ಹಾಕಲು ಬಳಸಲೇಬೇಡಿ. ಎಲ್ಲೋ ಸುಲಿದ ವಿದ್ಯುತ್ ವಯರಿಗೆ ಅದು ತಾಗಿದ್ದರೆ, ಒದ್ದೆ ಬಟ್ಟೆ ಹಾಕುವವರ ಕೈಗೆ ಕರೆಂಟು ಹೊಡೆಯುತ್ತದೆ. ಮಳೆಗಾಲದಲ್ಲಿ ಇದರಿಂದ ಪ್ರಾಣ ಹೋದದ್ದುಂಟು. ನೈಲಾನ್ ಹಗ್ಗವೇ ಸಾಕು.

ಹರಡಿದರೆ ಬೇಗ ಒಣಗುತ್ತದೆ ಎಂದು ನಾನು ಹೇಳಿದ್ದನ್ನು ಸುಮ್ಮನೆ ನಂಬಬೇಡಿ, ಮಾಡಿ ನೋಡಿ. ಒಂದು ಹಳೆಯ ಟವೆಲಿನಿಂದ ಒಂದೇ ಅಳತೆಯ ಎರಡು ತುಂಡುಗಳನ್ನು ಕತ್ತರಿಸಿಕೊಳ್ಳಿ. ಎರಡನ್ನೂ ನೀರಿನಲ್ಲಿ ಅದ್ದಿ ಹಿಂಡಿ. ಒಂದು ತುಂಡಿನ ಮೇಲಂಚಿಗೆ ಕಡ್ಡಿ ಸಿಕ್ಕಿಸಿ, ಪೂರ್ತಿ ಹರಡಿಕೊಳ್ಳುವಂತೆ ಒಂದು ನೇರವಾದ ಕೋಲಿನ ಒಂದು ತುದಿಗೆ ಕಟ್ಟಿ. ಇನ್ನೊಂದನ್ನು ಉಂಡೆ ಮಾಡಿ ಇನ್ನೊಂದು ತುದಿಗೆ ಕಟ್ಟಿ. ಕೋಲಿಗೆ ದಾರ ಹಾಕಿ ತಕ್ಕಡಿಯ ಹಾಗೆ ಗಾಳಿಯಾಡುವ ಕಡೆ ತೂಗುಹಾಕಿ. ಕೋಲು ಮಟ್ಟಸವಾಗಿ ನಿಲ್ಲುವಂತೆ ದಾರವನ್ನು ಅತ್ತಿತ್ತ ಸರಿಸಿ. ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಇಷ್ಟು ಮಾಡಿ, ಪ್ರತಿ ಪೀರಿಯಡ್ ಮುಗಿದಾಗಲೂ ಹೋಗಿ ನೋಡಿ. ಯಾವ ತುದಿ ಮೇಲೇರಿತು? ಎಷ್ಟು ಹೊತ್ತಿಗೆ? ಬಿಸಿಲಿನ ದಿನ ಒಮ್ಮೆ, ಮಳೆಯ ದಿನ ಇನ್ನೊಮ್ಮೆ ಮಾಡಿ, ಸಮಯವನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದಿಡಿ.