ಪಾಲಿಶಿಂಗ್ ಪ್ಯಾಡ್ ಮತ್ತು ಬ್ಯಾಕಿಂಗ್ ಪ್ಲೇಟ್ ಹೊಂದಾಣಿಕೆ

ಬ್ಯಾಕಿಂಗ್ ಪ್ಲೇಟ್ ಎಂಬುದು ವಿದ್ಯುತ್ ಚಾಲಿತ ಪಾಲಿಶಿಂಗ್ ಯಂತ್ರದ (ಬಫರ್) ಸ್ಪಿಂಡಲಿಗೆ, ಅಂದರೆ ತಿರುಗುವ ದಂಡಕ್ಕೆ, ಜೋಡಿಸಲಾಗುವ ದುಂಡನೆಯ ತಟ್ಟೆ. ಪಾಲಿಶಿಂಗ್ ಪ್ಯಾಡನ್ನು ಹಿಡಿದಿಡುವುದು ಈ ತಟ್ಟೆಯೇ. ಮೋಟಾರಿನ ಶಕ್ತಿಯೂ ಕೆಲಸಗಾರನ ಕೈಯ ಒತ್ತಡವೂ ಇದರ ಮೂಲಕವೇ ಪ್ಯಾಡನ್ನು ತಲುಪುತ್ತವೆ. ವಾಹನಗಳ ಬಣ್ಣಕ್ಕೆ ಹೊಳಪು ನೀಡುವ ಕೆಲಸದಲ್ಲಿ ಯಂತ್ರ, ತಟ್ಟೆ ಮತ್ತು ಪ್ಯಾಡ್ ಪರಸ್ಪರ ಹೊಂದಿಕೊಂಡಿರಬೇಕಾಗುತ್ತದೆ. ಈ ಹೊಂದಾಣಿಕೆಯನ್ನು ಐದು ಅಂಶಗಳಲ್ಲಿ ಪರಿಶೀಲಿಸಬಹುದು: ಸ್ಪಿಂಡಲಿನ ಥ್ರೆಡ್, ವ್ಯಾಸ, ಹಿಡಿತ, ತೂಕದ ಸಮತೋಲ ಮತ್ತು ವೇಗದ ಮಿತಿ.

ಮಹತ್ವ

ಇಂದಿನ ಕಾರುಗಳಲ್ಲಿ ಬಣ್ಣದ ಪದರದ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರವಿರುತ್ತದೆ. ಇದರ ದಪ್ಪ ಸಾಮಾನ್ಯವಾಗಿ 35ರಿಂದ 50 ಮೈಕ್ರಾನಿನಷ್ಟು ಮಾತ್ರ. ಅಂದರೆ ಒಂದು ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗಕ್ಕೂ ಮೀರದು. ಪಾಲಿಶ್ ಮಾಡುವುದೆಂದರೆ ಈ ಪದರವನ್ನು ಅತ್ಯಲ್ಪ ಪ್ರಮಾಣದಲ್ಲಿ ಸವೆಸಿ ಸಮಗೊಳಿಸುವುದು. ತಟ್ಟೆಯ ಗಡುಸಾದ ಅಂಚು ಒಂದು ಕ್ಷಣ ತಗುಲಿದರೂ ಈ ಪದರ ಹರಿದು ಕೆಳಗಿನ ಬಣ್ಣ ಹೊರಬೀಳಬಹುದು. ಅಂತಹ ಗಾಯವನ್ನು ಮತ್ತೆ ಪಾಲಿಶ್ ಮಾಡಿ ಸರಿಪಡಿಸಲಾಗದು. ಆ ಭಾಗಕ್ಕೆ ಹೊಸದಾಗಿ ಬಣ್ಣ ಹೊಡೆಸುವುದೊಂದೇ ಉಳಿದ ದಾರಿ.

ಯಂತ್ರದ ಬಗೆಗಳು

ಪಾಲಿಶಿಂಗ್ ಯಂತ್ರಗಳಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ. ರೋಟರಿ ಯಂತ್ರದಲ್ಲಿ ತಟ್ಟೆಯು ಒಂದೇ ಕೇಂದ್ರದ ಸುತ್ತ ನೇರವಾಗಿ ತಿರುಗುತ್ತದೆ. ಡ್ಯುಯಲ್ ಆ್ಯಕ್ಷನ್ ಯಂತ್ರದಲ್ಲಿ ತಟ್ಟೆಯ ಕೇಂದ್ರವು ಮೋಟಾರಿನ ಕೇಂದ್ರದಿಂದ ತುಸು ಸರಿದಿರುತ್ತದೆ. ಇದರಿಂದ ತಟ್ಟೆಯು ತನ್ನ ಸುತ್ತ ತಾನು ತಿರುಗುವುದಲ್ಲದೆ ಸಣ್ಣ ವೃತ್ತವೊಂದರಲ್ಲಿಯೂ ಸಂಚರಿಸುತ್ತದೆ. ಈ ವೃತ್ತದ ವ್ಯಾಸ 8, 15 ಅಥವಾ 21 ಮಿಲಿಮೀಟರ್ ಇರುವ ಯಂತ್ರಗಳು ಹೆಚ್ಚು ಬಳಕೆಯಲ್ಲಿವೆ. ಒಂದು ಬಗೆಯ ಯಂತ್ರದ ತಟ್ಟೆಯನ್ನು ಇನ್ನೊಂದು ಬಗೆಗೆ ಬಳಸಲು ಸಾಮಾನ್ಯವಾಗಿ ಆಗುವುದಿಲ್ಲ.

ಸ್ಪಿಂಡಲ್ ಮತ್ತು ಥ್ರೆಡ್

ಯೂರೋಪ್, ಭಾರತ ಮೊದಲಾದೆಡೆ ದೊಡ್ಡ ರೋಟರಿ ಯಂತ್ರಗಳ ಸ್ಪಿಂಡಲ್ ಸಾಮಾನ್ಯವಾಗಿ ಎಂ14 ಅಳತೆಯದು; ಅಂದರೆ 14 ಮಿಲಿಮೀಟರ್ ವ್ಯಾಸ, ಥ್ರೆಡ್ಡಿನ ಸುತ್ತುಗಳ ನಡುವೆ 2 ಮಿಲಿಮೀಟರ್ ಅಂತರ. ಅಮೆರಿಕದಲ್ಲಿ 5/8 ಇಂಚು ವ್ಯಾಸ ಮತ್ತು ಇಂಚಿಗೆ 11 ಸುತ್ತುಗಳ ಅಳತೆ ರೂಢಿಯಲ್ಲಿದೆ. 5/8 ಇಂಚು ಎಂದರೆ ಸುಮಾರು 15.9 ಮಿಲಿಮೀಟರ್. ಹೀಗಾಗಿ ಅಮೆರಿಕದ ಅಳತೆಯ ತಟ್ಟೆಯನ್ನು ಎಂ14 ಸ್ಪಿಂಡಲಿಗೆ ತೊಡಿಸಿದರೆ ಅದು ಒಳಹೊಕ್ಕಂತೆ ಕಂಡರೂ ಗಟ್ಟಿಯಾಗಿ ಕೂರುವುದಿಲ್ಲ. ನಾಲ್ಕು ಇಂಚಿನ ಸಣ್ಣ ಆ್ಯಂಗಲ್ ಗ್ರೈಂಡರುಗಳಲ್ಲಿ ಎಂ10 ಸ್ಪಿಂಡಲ್ ಸಾಮಾನ್ಯ.

ಡ್ಯುಯಲ್ ಆ್ಯಕ್ಷನ್ ಯಂತ್ರಗಳಲ್ಲಿ ಮೋಸಹೋಗುವ ಸಂಭವ ಇನ್ನೂ ಹೆಚ್ಚು. ಕೆಲವು ಯಂತ್ರಗಳಿಗೆ ಎಂ8 ಥ್ರೆಡ್, ಮತ್ತೆ ಕೆಲವಕ್ಕೆ 5/16 ಇಂಚಿನ, ಇಂಚಿಗೆ 24 ಸುತ್ತುಗಳ ಥ್ರೆಡ್ ಇರುತ್ತದೆ. 5/16 ಇಂಚು ಸುಮಾರು 7.94 ಮಿಲಿಮೀಟರ್ ಆದುದರಿಂದ ಇವೆರಡೂ ಕಣ್ಣಿಗೆ ಒಂದೇ ಎನಿಸುತ್ತವೆ. ಆದರೆ ಸುತ್ತುಗಳ ನಡುವಿನ ಅಂತರ ಮೊದಲನೆಯದರಲ್ಲಿ 1.25 ಮಿಲಿಮೀಟರ್, ಎರಡನೆಯದರಲ್ಲಿ ಸುಮಾರು 1.06 ಮಿಲಿಮೀಟರ್. ಒಂದೆರಡು ಸುತ್ತಿನ ನಂತರ ಬಿಗಿಯಾದಾಗ ಬಲವಂತವಾಗಿ ತಿರುಗಿಸಿದರೆ ಯಂತ್ರದ ಥ್ರೆಡ್ಡೇ ಹಾಳಾಗುತ್ತದೆ. ಸರಿಯಾದ ತಟ್ಟೆಯನ್ನು ಮೊದಲ ಹಲವು ಸುತ್ತು ಬರಿಗೈಯಿಂದಲೇ ಸುಲಭವಾಗಿ ತಿರುಗಿಸಬಹುದು.

ವ್ಯಾಸದ ಹೊಂದಾಣಿಕೆ

ಪ್ಯಾಡಿನ ವ್ಯಾಸವು ತಟ್ಟೆಯ ವ್ಯಾಸಕ್ಕಿಂತ ತುಸು ಹೆಚ್ಚಿರಬೇಕು ಎಂಬುದು ಮೂಲ ನಿಯಮ. ತಟ್ಟೆಯ ಸುತ್ತಲೂ ಹೊರಚಾಚಿದ ಮೃದುವಾದ ಅಂಚು ಬಂಪರ್, ಬಾಗಿಲಿನ ಹಿಡಿ, ಕನ್ನಡಿ ಮೊದಲಾದವುಗಳಿಗೆ ತಟ್ಟೆ ತಾಗದಂತೆ ಕಾಯುತ್ತದೆ. ಸಾಮಾನ್ಯವಾಗಿ ಬಳಕೆಯಲ್ಲಿರುವ ಜೋಡಿಗಳು ಹೀಗಿವೆ:

75 ಮಿಲಿಮೀಟರ್ ತಟ್ಟೆಗೆ 80ರಿಂದ 100 ಮಿಲಿಮೀಟರ್ ಪ್ಯಾಡ್
125 ಮಿಲಿಮೀಟರ್ ತಟ್ಟೆಗೆ 130ರಿಂದ 150 ಮಿಲಿಮೀಟರ್ ಪ್ಯಾಡ್
150 ಮಿಲಿಮೀಟರ್ ತಟ್ಟೆಗೆ 160ರಿಂದ 180 ಮಿಲಿಮೀಟರ್ ಪ್ಯಾಡ್

ಪ್ಯಾಡ್ ತಟ್ಟೆಗಿಂತ ಚಿಕ್ಕದಾದರೆ ತಟ್ಟೆಯ ಅಂಚೂ ಅದರ ಮೇಲಿನ ಕೊಕ್ಕೆಗಳೂ ಬಯಲಾಗಿ ಬಣ್ಣಕ್ಕೆ ತಗುಲುತ್ತವೆ. ಪ್ಯಾಡ್ ಅತಿಯಾಗಿ ದೊಡ್ಡದಾದರೂ ತೊಂದರೆಯೇ. ಆಗ ಹೊರ ಅಂಚಿಗೆ ಆಧಾರವಿಲ್ಲದೆ ಅದು ಅಲುಗಾಡುತ್ತದೆ, ಒತ್ತಡವೆಲ್ಲ ನಡುಭಾಗದಲ್ಲಿಯೇ ಬೀಳುತ್ತದೆ, ತಟ್ಟೆಯ ಅಂಚು ಒತ್ತುವಲ್ಲಿ ಫೋಮ್ ಬಳೆಯಾಕಾರದಲ್ಲಿ ಸೀಳುತ್ತದೆ.

ಹಿಡಿತದ ವಿಧಾನ

ಹೆಚ್ಚಿನ ಪ್ಯಾಡುಗಳು ತಟ್ಟೆಗೆ ಅಂಟಿಕೊಳ್ಳುವುದು ಕೊಕ್ಕೆ ಮತ್ತು ಕುಣಿಕೆಯ ವಿಧಾನದಿಂದ. ಇದು ವೆಲ್ಕ್ರೋ ಎಂಬ ವ್ಯಾಪಾರನಾಮದಿಂದ ಪ್ರಸಿದ್ಧ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಜಾರ್ಜ್ ದ ಮೆಸ್ಟ್ರಾಲ್ ಅವರು ಬಟ್ಟೆಗೂ ನಾಯಿಯ ಕೂದಲಿಗೂ ಅಂಟಿಕೊಳ್ಳುವ ಮುಳ್ಳುಕಾಯಿಗಳನ್ನು ಪರಿಶೀಲಿಸಿ ಇದನ್ನು ರೂಪಿಸಿದರು. 1950ರ ದಶಕದಲ್ಲಿ ಇದಕ್ಕೆ ಪೇಟೆಂಟ್ ದೊರೆಯಿತು. ತಟ್ಟೆಯ ಮೇಲೆ ಕೊಕ್ಕೆಗಳೂ ಪ್ಯಾಡಿನ ಬೆನ್ನಿನ ಮೇಲೆ ಕುಣಿಕೆಗಳೂ ಇರುತ್ತವೆ.

ಈ ಹಿಡಿತಕ್ಕೆ ದೊಡ್ಡ ಶತ್ರು ಶಾಖ. ಹೆಚ್ಚು ಒತ್ತಿ ದೀರ್ಘಕಾಲ ಕೆಲಸ ಮಾಡಿದಾಗ ಕೊಕ್ಕೆಗಳು ಮೆತ್ತಗಾಗಿ ಬಾಗುತ್ತವೆ, ಅವುಗಳನ್ನು ಹಿಡಿದಿರುವ ಅಂಟೂ ಸಡಿಲಗೊಳ್ಳುತ್ತದೆ. ಹೀಗೆ ಸವೆದ ತಟ್ಟೆಯಿಂದ ಪ್ಯಾಡ್ ಕಳಚಿ ಹಾರಬಹುದು. ಪ್ಯಾಡ್ ಎಷ್ಟೇ ಹೊಸದಿದ್ದರೂ ತಟ್ಟೆ ಹಳೆಯದಾಗಿದ್ದರೆ ಹಿಡಿತ ನಿಲ್ಲದು. ಆದುದರಿಂದ ತಟ್ಟೆಯನ್ನು ಸವೆಯುವ ಬಿಡಿಭಾಗವೆಂದೇ ಪರಿಗಣಿಸಿ ಕಾಲಕಾಲಕ್ಕೆ ಬದಲಿಸಬೇಕು. ಇಮ್ಮುಖದ ಕೆಲವು ಉಣ್ಣೆಯ ಪ್ಯಾಡುಗಳಿಗೆ ಬ್ಯಾಕಿಂಗ್ ಪ್ಲೇಟ್ ಬೇಕಾಗುವುದಿಲ್ಲ. ಅವು ಅಡಾಪ್ಟರ್ ಮೂಲಕ ನೇರವಾಗಿ ಸ್ಪಿಂಡಲಿಗೆ ಜೋಡಣೆಯಾಗುತ್ತವೆ.

ತೂಕ ಮತ್ತು ಸಮತೋಲ

ಡ್ಯುಯಲ್ ಆ್ಯಕ್ಷನ್ ಯಂತ್ರದೊಳಗೆ ತಟ್ಟೆ ಮತ್ತು ಪ್ಯಾಡಿನ ತೂಕವನ್ನು ಸರಿದೂಗಿಸಲು ಪ್ರತಿಭಾರವೊಂದು ಇರುತ್ತದೆ. ತಯಾರಕರು ಇದನ್ನು ನಿರ್ದಿಷ್ಟ ಗಾತ್ರದ ತಟ್ಟೆಗೆ ಲೆಕ್ಕಹಾಕಿ ಇಟ್ಟಿರುತ್ತಾರೆ. ತಟ್ಟೆಯ ಗಾತ್ರ ಬದಲಾದರೆ ಲೆಕ್ಕ ತಪ್ಪಿ ಯಂತ್ರ ನಡುಗುತ್ತದೆ, ಕೈ ಮರಗಟ್ಟುತ್ತದೆ, ಬೇರಿಂಗುಗಳು ಬೇಗ ಸವೆಯುತ್ತವೆ. ಪ್ಯಾಡನ್ನು ತಟ್ಟೆಯ ನಡುವಿಗೆ ಸರಿಯಾಗಿ ಕೂರಿಸದಿದ್ದರೂ ಇದೇ ಪರಿಣಾಮ. ಹಲವು ಪ್ಯಾಡುಗಳ ನಡುವಿನ ರಂಧ್ರವು ಕೇಂದ್ರವನ್ನು ಹೊಂದಿಸಲು ನೆರವಾಗುತ್ತದೆ, ಶಾಖವನ್ನೂ ತಗ್ಗಿಸುತ್ತದೆ.

ತಟ್ಟೆಯ ಅಂಚಿನ ಮೇಲೆ ಮಾರ್ಕರಿನಿಂದ ಗೆರೆಯೊಂದನ್ನು ಎಳೆಯುವುದು ಕೆಲಸಗಾರರಲ್ಲಿ ರೂಢಿ. ಒತ್ತಡ ಹೆಚ್ಚಾಗಿ ಅಥವಾ ಬಾಗಿದ ಜಾಗದಲ್ಲಿ ತಟ್ಟೆಯ ತಿರುಗುವಿಕೆ ನಿಂತು ಬರಿಯ ಕಂಪನ ಉಳಿದರೆ, ಆ ಗೆರೆಯಿಂದ ಕೂಡಲೇ ತಿಳಿಯುತ್ತದೆ.

ವೇಗದ ಮಿತಿ

ತಟ್ಟೆ ನಿಮಿಷಕ್ಕೆ ಎಷ್ಟು ಸುತ್ತುಗಳನ್ನು ತಾಳಬಲ್ಲುದೆಂಬುದನ್ನು ಅದರ ಮೇಲೆಯೇ ನಮೂದಿಸಲಾಗಿರುತ್ತದೆ. ರೋಟರಿ ಪಾಲಿಶರುಗಳು ಸಾಮಾನ್ಯವಾಗಿ ನಿಮಿಷಕ್ಕೆ 600ರಿಂದ 3,000 ಸುತ್ತು ತಿರುಗಿದರೆ, ಆ್ಯಂಗಲ್ ಗ್ರೈಂಡರ್ 10,000ಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. 180 ಮಿಲಿಮೀಟರ್ ಪ್ಯಾಡಿನ ಹೊರ ಅಂಚು 1,500 ಸುತ್ತಿನಲ್ಲಿ ಸೆಕೆಂಡಿಗೆ ಸುಮಾರು 14 ಮೀಟರ್ ವೇಗದಲ್ಲಿ ಚಲಿಸುತ್ತದೆ. 10,000 ಸುತ್ತಿನಲ್ಲಿ ಅದೇ ಅಂಚಿನ ವೇಗ ಸುಮಾರು 94 ಮೀಟರ್. ಆದಕಾರಣ ವೇಗ ನಿಯಂತ್ರಣವಿಲ್ಲದ ಗ್ರೈಂಡರಿಗೆ ಪಾಲಿಶಿಂಗ್ ತಟ್ಟೆಯನ್ನು ಜೋಡಿಸುವುದು ಬಣ್ಣಕ್ಕೂ ಕೆಲಸಗಾರನಿಗೂ ಅಪಾಯಕಾರಿ.

ಕಲ್ಲಿನ ಪಾಲಿಶ್

ಗ್ರಾನೈಟ್ ಪಾಲಿಶಿಗೂ ಇದೇ ಕೊಕ್ಕೆ ಮತ್ತು ಕುಣಿಕೆಯ ತಟ್ಟೆಗಳು ಬಳಕೆಯಾಗುತ್ತವೆ. ಕರ್ನಾಟಕದಲ್ಲಿ ಇಳಕಲ್ಲಿನ ಕೆಂಪು ಗ್ರಾನೈಟ್ ಮತ್ತು ಚಾಮರಾಜನಗರದ ಕಪ್ಪು ಶಿಲೆ ಹೆಸರಾಗಿವೆ. ಇಂತಹ ಕಲ್ಲಿನ ಅಂಚುಗಳಿಗೆ ಕೈಯಂತ್ರದಿಂದ ಹೊಳಪು ಕೊಡುವಾಗ ವಜ್ರದ ಪುಡಿ ಬೆರೆಸಿದ ರಾಳದ ಪ್ಯಾಡುಗಳನ್ನು ಉರುಟಿನಿಂದ ನುಣುಪಿನ ಕಡೆಗೆ ಒಂದಾದ ಮೇಲೊಂದರಂತೆ ಬಳಸಲಾಗುತ್ತದೆ. ಈ ಪ್ಯಾಡುಗಳು ತೆಳುವಾಗಿಯೂ ಗಡುಸಾಗಿಯೂ ಇರುವುದರಿಂದ ತಟ್ಟೆ ಬಹುಮಟ್ಟಿಗೆ ಸಮವ್ಯಾಸದ್ದಾಗಿರುತ್ತದೆ. ಆದರೂ ಪ್ಯಾಡ್ ತಟ್ಟೆಗಿಂತ ಚಿಕ್ಕದಾಗಿರಬಾರದೆಂಬ ನಿಯಮ ಇಲ್ಲಿಯೂ ಅನ್ವಯಿಸುತ್ತದೆ. ನೀರು ಹಾಯಿಸುತ್ತ ಮಾಡುವ ಕೆಲಸವಾದುದರಿಂದ ವಿದ್ಯುತ್ ಆಘಾತದಿಂದ ರಕ್ಷಣೆಯೂ ಅಗತ್ಯ.

ಬಳಕೆಯ ಕ್ರಮ

ತಟ್ಟೆಯನ್ನಾಗಲಿ ಪ್ಯಾಡನ್ನಾಗಲಿ ಬದಲಿಸುವ ಮೊದಲು ಯಂತ್ರದ ಪ್ಲಗ್ ತೆಗೆಯಬೇಕು. ಪ್ಯಾಡನ್ನು ಕೂರಿಸಿದ ಮೇಲೆ ಸುತ್ತಲೂ ಒಂದೇ ಪ್ರಮಾಣದ ಅಂಚು ಕಾಣುತ್ತಿದೆಯೇ ಎಂದು ನೋಡಿ ಒತ್ತಿ ಭದ್ರಪಡಿಸಬೇಕು. ಯಂತ್ರವನ್ನು ಕಡಿಮೆ ವೇಗದಲ್ಲಿ ಆರಂಭಿಸಿ, ನಡುಕವಿದ್ದರೆ ನಿಲ್ಲಿಸಿ ಮತ್ತೆ ಹೊಂದಿಸಬೇಕು. ಕೆಲಸ ಮುಗಿದ ನಂತರ ಪ್ಯಾಡ್ ತಣಿದ ಮೇಲೆ ಅದನ್ನು ಅಂಚಿನಿಂದ ನಿಧಾನವಾಗಿ ಬಿಡಿಸಿ, ಕೊಕ್ಕೆಗಳ ನಡುವಿನ ನಾರು ಮತ್ತು ಪಾಲಿಶಿನ ಪುಡಿಯನ್ನು ಬ್ರಷ್‌ನಿಂದ ತೆಗೆದಿಟ್ಟರೆ ತಟ್ಟೆಯ ಹಿಡಿತ ಹೆಚ್ಚು ಕಾಲ ಉಳಿಯುತ್ತದೆ.