ಗುಳ್ಳೆ ಹೋದ್ರೂ ವೈರಸ್ ಹೋಗಲ್ಲ

ವೀಕ್ಷಕರೇ, ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದಲ್ಲಿ ನನ್ನ ಮಾತು ಕೇಳ್ತಿರೋ ಗಂಡಸರಿಗೆ ಮೊದಲೇ ಒಂದು ವಿಷಯ ಹೇಳ್ತೀನಿ. ಮೈಮೇಲೆ ಹರ್ಪಿಸ್ ಗುಳ್ಳೆ ಕಂಡ ದಿನವೇ ಹೆಂಡತಿಯ ನಡತೆ ಮೇಲೆ ಅನುಮಾನ ಪಡಬೇಡಿ. ವರ್ಷಗಳ ಹಿಂದೆ ದೇಹ ಸೇರಿದ ವೈರಸ್ ನರಗಳಲ್ಲಿ ಅಡಗಿದ್ದು ಇವತ್ತು ತಲೆ ಎತ್ತಬಹುದು.

ಇದು ಸರ್ಪಸುತ್ತು ಅಲ್ಲ, ಅದರ ವೈರಸ್ಸೇ ಬೇರೆ. ಹರ್ಪಿಸ್‌ನಲ್ಲಿ ಎರಡು ವಿಧ. ಒಂದು ಹೆಚ್ಚಾಗಿ ತುಟಿಗೆ ಬರುತ್ತೆ, ಮುತ್ತಿನಿಂದ, ಎಂಜಲಿನಿಂದ ಹರಡುತ್ತೆ. ಇನ್ನೊಂದು ಲೈಂಗಿಕ ಸಂಪರ್ಕದಿಂದ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಅಂದಾಜಿನಂತೆ, 50 ವರ್ಷದೊಳಗಿನ ಸುಮಾರು 380 ಕೋಟಿ ಜನರಲ್ಲಿ ಮೊದಲನೆಯದು ಇದೆ. 15ರಿಂದ 49 ವಯಸ್ಸಿನ ಸುಮಾರು 52 ಕೋಟಿ ಜನರಲ್ಲಿ ಎರಡನೆಯದು. ಬಹಳ ಜನಕ್ಕೆ ಅದು ಗೊತ್ತೇ ಇರಲ್ಲ. ಗುಳ್ಳೆ ಇಲ್ಲದಾಗಲೂ ಹರಡುತ್ತೆ ನೋಡಿ, ಅದೇ ಕಷ್ಟ.

ಹಾಗಾದ್ರೆ ಏನು ಮಾಡಬೇಕು? ಗುಳ್ಳೆ, ಉರಿ ಇದ್ದಾಗ ಮುತ್ತು, ಲೈಂಗಿಕ ಸಂಪರ್ಕ ಬೇಡ. ಕಾಂಡೋಮ್ ಅಪಾಯ ತಗ್ಗಿಸುತ್ತೆ. ಆದರೆ ಅದು ಮುಚ್ಚದ ಚರ್ಮದಿಂದಲೂ ಸೋಂಕು ತಗಲಬಹುದು. ತುಟಿಯಲ್ಲಿ ಗುಳ್ಳೆ ಇದ್ದವರು ಹಸುಗೂಸಿಗೆ ಮುತ್ತು ಕೊಡಲೇಬೇಡಿ, ನವಜಾತ ಶಿಶುವಿಗೆ ಇದು ಪ್ರಾಣಕ್ಕೇ ಕುತ್ತು. ಗರ್ಭಿಣಿಯರು ಹಿಂದೆ ಬಂದಿದ್ದರೂ ಡಾಕ್ಟರಿಗೆ ಮುಚ್ಚಿಡಬಾರದು.

ಪೂರ್ತಿ ವಾಸಿ ಮಾಡೋ ಔಷಧ ಇಲ್ಲ, ನಿಜ. ಆದರೆ ಅಸೈಕ್ಲೋವಿರ್ ಮಾತ್ರೆ ಬೇಗ ಶುರು ಮಾಡಿದ್ರೆ ಕಾಟ ಕಡಿಮೆಯಾಗುತ್ತೆ. ಸರ್ಕಾರಿ ಜಿಲ್ಲಾ ಆಸ್ಪತ್ರೆಗಳ ಸುರಕ್ಷಾ ಕ್ಲಿನಿಕ್‌ಗಳು ಇರೋದೇ ಇಂಥ ತೊಂದರೆಗಳಿಗೆ. ಅಲ್ಲಿ ಹರ್ಪಿಸ್ ಹುಣ್ಣಿನ ಔಷಧದ ಕಿಟ್‌ಗೆ ಕೆಂಪು ಬಣ್ಣ. ನಾಚಿಕೆ ಬಿಟ್ಟು ಕೇಳಿ, ಗಂಡ ಹೆಂಡತಿ ಒಟ್ಟಿಗೇ ಹೋಗಿ ಕೇಳಿ.